ರಾಷ್ಟ್ರಕೂಟರು ನಿಮ್ಮವರೋ, ನಮ್ಮವರೋ?

ಹೊರನಾಡಿನಲ್ಲಿರುವ ಕನ್ನಡಿಗನಿಗೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ಒಂದು, ‘ನಿಮ್ಮ ಊರು ಯಾವುದು?’ ಇನ್ನೊಂದು, ‘ಇಲ್ಲಿಗೆ ಬಂದು ಎಷ್ಟು ವರ್ಷವಾಯ್ತು?’ ನಾಗಪುರದಲ್ಲಿ ಈ ಎರಡಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಾಗಿರುತ್ತೆ. ಊರು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನದು. ಬಂದದ್ದು 1994ರಲ್ಲಿ, ಬ್ಯಾಂಕಿನ ವರ್ಗಾವಣೆ ಆರ್ಡರ್ ಹಿಡಿದುಕೊಂಡು. ಮೂರು ವರ್ಷ ಇದ್ದು ಹೋಗೋಣ ಅಂತ ಬಂದವನು, ನಡುವೆ ಎರಡು ಊರು ಸುತ್ತಿ, ಮತ್ತೆ ಇಲ್ಲಿಗೇ ಬಂದು, ಇಲ್ಲೇ ನಿವೃತ್ತನಾದೆ. ಮೇ ತಿಂಗಳ ಬಿಸಿಲಿಗೂ ಖಾರದ ತರ್ರಿ ಪೋಹೆಗೂ ಮೈ ಒಗ್ಗಿಹೋಯಿತು.

ಮೂರನೆಯ ಪ್ರಶ್ನೆಯೊಂದನ್ನು ಮಾತ್ರ ನಾನು ನಿವೃತ್ತಿಯಾದ ಮೇಲೆಯೇ ಎದುರಿಸಿದ್ದು. ‘ನೀವು ಬಂದದ್ದಿರಲಿ ಸಾಹೇಬ, ನಿಮ್ಮ ಕನ್ನಡದ ಜನ ಈ ಊರಿಗೆ ಬಂದು ಎಷ್ಟು ವರ್ಷವಾಯ್ತು?’

ಕೇಳಿದವರು ನಮ್ಮ ಇತಿಹಾಸದ ಗುಂಪಿನವರು. ಗುಂಪು ಅಂದರೆ ದೊಡ್ಡ ಸಂಸ್ಥೆಯೇನಲ್ಲ. ಹೆಸರಿಲ್ಲ, ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ. ರೈಲ್ವೆಯಿಂದ ನಿವೃತ್ತರಾದ ಇಬ್ಬರು, ಮರಾಠಿ ಕಲಿಸುತ್ತಿದ್ದ ಒಬ್ಬ ಶಿಕ್ಷಕಿ, ಸರ್ವೇ ಇಲಾಖೆಯಲ್ಲಿದ್ದ ಒಬ್ಬರು, ಔಷಧಿ ಅಂಗಡಿ ನಡೆಸುವ ಒಬ್ಬ ತೆಲುಗರು, ಕಾಲೇಜಿಗೆ ಹೋಗುವ ಎರಡು ಮೂರು ಹುಡುಗರು, ಮತ್ತೆ ನಾನು. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಇತಿಹಾಸದಲ್ಲಿ ಡಿಗ್ರಿ ಮಾಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ನಾನಂತೂ ಎಂ.ಕಾಂ. ಓದಿದವನು. ಆದರೆ ಪ್ರಶ್ನೆ ಕೇಳುವ ಚಟ ಎಲ್ಲರಿಗೂ ಇದೆ.

ನಮ್ಮ ಆಸ್ತಿ ಅಂದರೆ ಒಂದು ಉದ್ದನೆಯ ರಿಜಿಸ್ಟರ್. ಎಡಗಡೆ ಪುಟದಲ್ಲಿ ಪ್ರಶ್ನೆ, ಬಲಗಡೆ ಪುಟದಲ್ಲಿ ಉತ್ತರ, ಅಂಚಿನಲ್ಲಿ ‘ಆಧಾರ’ ಅಂತ ಒಂದು ಕಾಲಂ. ಆ ಕಾಲಂ ಹಾಕಿಸಿದವನು ನಾನೇ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದವನಿಗೆ ವೋಚರ್ ಇಲ್ಲದ ಎಂಟ್ರಿ ಕಂಡರೆ ನಿದ್ದೆ ಬರೋದಿಲ್ಲ. ‘ಹಿಂದೆ ಹೀಗಿತ್ತಂತೆ’ ಎಂಬ ಮಾತು ನಮ್ಮ ರಿಜಿಸ್ಟರಿನಲ್ಲಿ ನಡೆಯೋದಿಲ್ಲ. ಯಾರು ಹೇಳಿದರು, ಎಲ್ಲಿ ಹೇಳಿದರು, ಮೂಲ ಯಾವುದು ಅಂತ ಬರೆಯಲೇಬೇಕು.

ಕನ್ನಡದವರು ಎಂದು ಬಂದರು ಎಂಬ ಪ್ರಶ್ನೆಗೆ ಒಬ್ಬರು ತಟ್ಟನೆ, ‘ಇಡ್ಲಿ ಹೋಟೆಲು ಬಂದಾಗ’ ಅಂದರು. ಎಲ್ಲರೂ ನಕ್ಕರು. ಇನ್ನೊಬ್ಬರು, ‘ರೈಲು ಬಂದ ಮೇಲೆ’ ಅಂದರು. ಇದು ಸ್ವಲ್ಪ ವಿಚಾರ ಮಾಡಿ ಹೇಳಿದ ಮಾತು. ನಾಗಪುರಕ್ಕೆ ರೈಲು ಬಂದದ್ದು 1867ರಲ್ಲಿ. ಆಮೇಲೆ ನಾಲ್ಕು ದಿಕ್ಕಿನ ಜನ ಇಲ್ಲಿಗೆ ನೌಕರಿಗೆ ಬಂದರು. ನನ್ನ ಉತ್ತರ ಇವೆರಡಕ್ಕಿಂತ ಬಹಳ ಹಿಂದಿನದಾಗಿತ್ತು. ಕ್ರಿ.ಶ. 940.

ನಾಗಪುರದ ಪಕ್ಕದ ವರ್ಧಾ ಜಿಲ್ಲೆಯಲ್ಲಿ ದೇವಳಿ ಎಂಬ ಊರಿದೆ. ಗಾಂಧೀಜಿಯವರ ಸೇವಾಗ್ರಾಮ ನೋಡಲು ಹೋದವರು ಇನ್ನೂ ಸ್ವಲ್ಪ ಮುಂದೆ ಹೋದರೆ ಸಿಗುತ್ತೆ. ಅಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣನ ತಾಮ್ರಪಟಗಳು ಸಿಕ್ಕವು. ಓದಿ ಪ್ರಕಟಿಸಿದವರು ಆರ್. ಜಿ. ಭಾಂಡಾರಕರರು. ಕಾಲ ಶಕ ವರ್ಷ 862. ಶಕಕ್ಕೆ 78 ಕೂಡಿಸಿದರೆ 940. ಕೃಷ್ಣ ಮಳಖೇಡದ ಸಿಂಹಾಸನ ಏರಿ ಆಗಿನ್ನೂ ವರ್ಷವೇ ಆಗಿತ್ತು. ತನ್ನ ತಮ್ಮ ಜಗತ್ತುಂಗನ ಹೆಸರಿನಲ್ಲಿ ಒಂದು ಹಳ್ಳಿಯನ್ನು ಒಬ್ಬ ಬ್ರಾಹ್ಮಣನಿಗೆ ದಾನ ಕೊಟ್ಟ. ಹಳ್ಳಿಯ ಹೆಸರು ತಾಲಪುರುಂಷಕ. ಅದಿದ್ದದ್ದು ‘ನಾಗಪುರ-ನಂದಿವರ್ಧನ’ ಎಂಬ ವಿಷಯದಲ್ಲಿ. ವಿಷಯ ಅಂದರೆ ಆಗಿನ ಜಿಲ್ಲೆ. ‘ನಾಗಪುರ’ ಎಂಬ ಹೆಸರು ಮೊದಲು ಕಾಣಿಸುವುದು ಈ ತಾಮ್ರಪಟದಲ್ಲೇ ಎಂದು ಇಲ್ಲಿನವರೂ ಒಪ್ಪುತ್ತಾರೆ.

ಮುಂದಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಬ್ರಿಟಿಷ್ ಕಾಲದ ಗೆಜೆಟಿಯರುಗಳಲ್ಲಿ ಈ ದಾನ ಪಡೆದವನನ್ನು ‘ಕನ್ನಡದ ಬ್ರಾಹ್ಮಣ’ ಎಂದು ಕರೆದಿದ್ದಾರೆ. ಅಂದರೆ ಸಾವಿರ ವರ್ಷಗಳ ಹಿಂದೆಯೇ ಕನ್ನಡದವನೊಬ್ಬ ಸರಕಾರಿ ಪತ್ರ ಹಿಡಿದುಕೊಂಡು ನಾಗಪುರ ಜಿಲ್ಲೆಗೆ ಬಂದಿದ್ದಾನೆ. ನನ್ನ ಹತ್ತಿರ ಇದ್ದದ್ದು ಕಾಗದದ ಆರ್ಡರ್, ಅವನದು ತಾಮ್ರದ್ದು!

ಗುಂಪಿನಲ್ಲಿ ಇದನ್ನು ಓದಿ ಹೇಳಿದಾಗ ಚಪ್ಪಾಳೆ ಬರಲಿಲ್ಲ, ಪ್ರಶ್ನೆಗಳು ಬಂದವು. ಅದೇ ನಮ್ಮ ಗುಂಪಿನ ಗುಣ. ಶಿಕ್ಷಕಿಯವರು, ‘ಕನ್ನಡದವನು ಎಂಬುದು ಶಾಸನದ ಮಾತೋ, ಗೆಜೆಟಿಯರಿನ ಮಾತೋ?’ ಅಂದರು. ನ್ಯಾಯವಾದ ಪ್ರಶ್ನೆ. ಅಂದಿನಿಂದ ಉತ್ತರದ ಪುಟವನ್ನೇ ಎರಡು ಭಾಗ ಮಾಡಿದೆವು. ಒಂದರಲ್ಲಿ ಶಾಸನ ಹೇಳಿದ್ದು, ಇನ್ನೊಂದರಲ್ಲಿ ಮುಂದಿನವರು ಹೇಳಿದ್ದು. ‘ಕನ್ನಡದ ಬ್ರಾಹ್ಮಣ’ ಗೆಜೆಟಿಯರಿನ ಕಾಲಮ್ಮಿಗೆ ಹೋಯಿತು.

ಸರ್ವೇ ಇಲಾಖೆಯವರು ಕೇಳಿದ್ದು, ‘ಹಳ್ಳಿಯ ಚಕ್ಕುಬಂದಿ ಕೊಟ್ಟಿದ್ದಾರೇನು?’ ಅಂತ. ಸಾಲದ ಪತ್ರಗಳಲ್ಲಿ ಆಸ್ತಿಯ ಪೂರ್ವಕ್ಕೇನು, ಪಶ್ಚಿಮಕ್ಕೇನು ಅಂತ ನಾವು ಬರೆಯಿಸುತ್ತಿದ್ದ ಹಾಗೆಯೇ ತಾಮ್ರಪಟದಲ್ಲೂ ಗಡಿ ಹೇಳಿದ್ದಾರೆ. ಅದರಲ್ಲಿ ಕಂದನಾ ಎಂಬ ನದಿ ಬರುತ್ತೆ, ಮೋಹಮ ಎಂಬ ಗ್ರಾಮ ಬರುತ್ತೆ. ನದಿಯನ್ನು ಇಂದಿನ ಕನ್ಹಾನ್ ಎಂದೂ ಗ್ರಾಮವನ್ನು ಛಿಂದವಾಡಾ ಜಿಲ್ಲೆಯ ಮೋಹಗಾಂವ್ ಎಂದೂ ವಿದ್ವಾಂಸರು ಗುರುತಿಸಿದ್ದಾರೆ. ಕನ್ಹಾನ್ ಅಂದರೆ ನಾಗಪುರದವರಿಗೆ ಬೇರೆ ಪರಿಚಯ ಬೇಡ. ನಮ್ಮ ನಲ್ಲಿಗಳಿಗೆ ನೀರು ಬರುವ ನದಿಗಳಲ್ಲಿ ಅದೂ ಒಂದು. ಮೂರನೇ ಕೃಷ್ಣನ ಗುಮಾಸ್ತ ಬರೆದ ಚಕ್ಕುಬಂದಿಯ ನೀರನ್ನು ದಿನಾ ಕುಡಿಯುತ್ತಿದ್ದೇನೆ ಅನ್ನಿಸಿ ಖುಷಿಯಾಯಿತು.

ಕಾಲೇಜು ಹುಡುಗನೊಬ್ಬ ಕೇಳಿದ್ದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ‘ನಮ್ಮ ಊರನ್ನು ಕಟ್ಟಿದವನು ಗೊಂಡ ರಾಜ ಬಖ್ತ್ ಬುಲಂದ್ ಶಹಾ, 1702ರಲ್ಲಿ. ಹಾಗಾದರೆ 940ರಲ್ಲಿ ನಾಗಪುರ ಎಲ್ಲಿಂದ ಬಂತು?’ ಹುಡುಗನ ಮಾತು ಸರಿಯೇ. ದೇವಗಡದ ಅರಸ ಬಖ್ತ್ ಬುಲಂದ್ ಇಲ್ಲಿದ್ದ ಹನ್ನೆರಡು ಹಳ್ಳಿಗಳನ್ನು ಸೇರಿಸಿ ಊರು ಮಾಡಿದ. ಅದೇ ಲೆಕ್ಕದಲ್ಲಿ ನಗರವು 2002ರಲ್ಲಿ ತನ್ನ ಮುನ್ನೂರು ವರ್ಷದ ಉತ್ಸವ ಮಾಡಿಕೊಂಡಿತು. ಹೆಸರು ಹಳೆಯದು, ಪೇಟೆ ಹೊಸದು, ಎರಡೂ ನಿಜ. ತಾಮ್ರಪಟದ ಜೋಡಿ ಹೆಸರಿನಲ್ಲಿ ನಂದಿವರ್ಧನ ಮಾತ್ರ ಗಟ್ಟಿ ಗುರುತು. ಅದು ರಾಮಟೇಕದ ಹತ್ತಿರದ ನಗರಧನ್, ವಾಕಾಟಕರ ರಾಜಧಾನಿ. ಇತ್ತೀಚೆಗೆ ಅಲ್ಲಿ ಉತ್ಖನನ ಮಾಡಿದಾಗ ವಾಕಾಟಕ ರಾಣಿ ಪ್ರಭಾವತಿ ಗುಪ್ತೆಯ ಮಣ್ಣಿನ ಮುದ್ರೆ ಸಿಕ್ಕಿತು. ಹೆಸರೊಂದು ಸಿಕ್ಕಿತೆಂದು 940ರ ನಾಗಪುರಕ್ಕೂ ಇಂದಿನ ಸೀತಾಬರ್ಡಿ, ಇತವಾರಿ, ಮಹಾಲ್ ಪೇಟೆಗಳಿಗೂ ನೇರ ಗೆರೆ ಎಳೆಯುವುದು ಬೇಡ ಅಂತ ತೀರ್ಮಾನಿಸಿದೆವು.

ಇಲ್ಲಿಯವರೆಗೆ ಎಲ್ಲವೂ ನಗುನಗುತ್ತಾ ನಡೆಯಿತು. ಮುಂದಿನ ತಿಂಗಳು ಒಬ್ಬರು ರಿಜಿಸ್ಟರಿನಲ್ಲಿ ಮರಾಠಿಯಲ್ಲಿ ಒಂದು ಸಾಲು ಬರೆದರು. ‘ರಾಷ್ಟ್ರಕೂಟ ತುಮಚೇ ಕೀ ಆಮಚೇ?’ ನಿಮ್ಮವರೋ, ನಮ್ಮವರೋ?

ಈ ಪ್ರಶ್ನೆ ಹೊಸದಲ್ಲ. ನೂರು ವರ್ಷದಿಂದ ಇದೆ. ಅವರು ಮರಾಠರು ಎಂದು ವಾದಿಸಿದವರು ಚಿಂತಾಮಣರಾವ್ ವೈದ್ಯರು. ಅಲ್ಲ, ಅವರು ಕನ್ನಡ ಮಾತೃಭಾಷೆಯವರು ಎಂದು ಬರೆದವರು ಅನಂತ ಸದಾಶಿವ ಅಳ್ತೇಕರರು, 1934ರಲ್ಲಿ ಬಂದ ತಮ್ಮ ದೊಡ್ಡ ಗ್ರಂಥದಲ್ಲಿ. ನಮ್ಮ ಕಡೆಯವರು ಮರೆಯಬಾರದ ಸಂಗತಿ ಅಂದರೆ ಇಬ್ಬರೂ ಮರಾಠಿಯವರೇ. ಮನೆಯ ಭಾಷೆಗಿಂತ ಆಧಾರ ದೊಡ್ಡದು ಅಂತ ತಿಳಿದಿದ್ದರಿಂದಲೇ ಅಳ್ತೇಕರರು ಹಾಗೆ ಬರೆದರು.

ಅವರು ಕೊಟ್ಟ ಆಧಾರಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಗುಜರಾತಿನಲ್ಲಿ ಆಳುತ್ತಿದ್ದ ರಾಷ್ಟ್ರಕೂಟ ಶಾಖೆಯ ಕರ್ಕರಾಜನ ತಾಮ್ರಪಟಗಳು ನವಸಾರಿಯಲ್ಲಿ ಸಿಕ್ಕಿವೆ. ಬರಹವೆಲ್ಲ ಆ ಪ್ರದೇಶದ ಲಿಪಿಯಲ್ಲಿದೆ. ಕೊನೆಯಲ್ಲಿ ರಾಜನ ಸಹಿ ಮಾತ್ರ ಹಳೆಯ ಕನ್ನಡ ಲಿಪಿಯಲ್ಲಿ! ನಮೂನೆ ಸಹಿ ಕಾರ್ಡು ಮುಂದಿಟ್ಟುಕೊಂಡು ಚೆಕ್ಕಿನ ಸಹಿ ತಾಳೆ ನೋಡುತ್ತಾ ಆಯುಷ್ಯ ಕಳೆದವನು ನಾನು. ಗಿರಾಕಿಗಳು ಅರ್ಜಿಯನ್ನು ಬೇರೆಯವರಿಂದ ಇಂಗ್ಲಿಷಿನಲ್ಲಿ ತುಂಬಿಸುತ್ತಾರೆ, ಸಹಿಯನ್ನು ತಾವು ಮೊದಲು ಕಲಿತ ಅಕ್ಷರದಲ್ಲಿ ಮಾಡುತ್ತಾರೆ. ಕರ್ಕರಾಜನೂ ಹಾಗೆಯೇ ಮಾಡಿದ್ದಾನೆ ಅಂದೆ.

ರೈಲ್ವೆಯವರೊಬ್ಬರು ಬಿಡಲಿಲ್ಲ. ‘ನಾನು ಹುಟ್ಟಿದಂದಿನಿಂದ ಮರಾಠಿ. ಸಹಿ ಮಾತ್ರ ಇಂಗ್ಲಿಷಿನಲ್ಲಿ ಮಾಡ್ತೀನಿ. ಸಾವಿರ ವರ್ಷದ ಮೇಲೆ ನನ್ನನ್ನು ಇಂಗ್ಲೆಂಡಿನವನು ಅಂತಾರೇನು?’ ಮನೆಯೆಲ್ಲಾ ನಕ್ಕಿತು, ನಾನೂ ನಕ್ಕೆ. ಆದರೂ ಅವರ ಇಂಗ್ಲಿಷ್ ಸಹಿಯ ಹಿಂದೆ ಇಂಗ್ಲಿಷರ ರಾಜ್ಯಭಾರ ಇತ್ತು, ಗುಜರಾತಿನಲ್ಲಿ ಕೂತ ಕರ್ಕರಾಜನ ಸಹಿಯ ಹಿಂದೆ ಯಾರ ಒತ್ತಾಯವಿತ್ತು ಅಂತ ಕೇಳಿದೆ. ಎರಡೂ ಮಾತು ರಿಜಿಸ್ಟರಿಗೆ ಹೋದವು.

ಆಮೇಲೆ ಬಂದದ್ದು ಜುರಾ ಶಾಸನ. ನಾಗಪುರದಿಂದ ಉತ್ತರಕ್ಕೆ ಜಬಲಪುರ ದಾಟಿ, ನಾನೂರು ಕಿ.ಮೀ.ಗೂ ಹೆಚ್ಚು ಹೋದರೆ ಮೈಹರ್ ಸಿಗುತ್ತೆ. ಅದರ ಹತ್ತಿರದ ಜುರಾ ಎಂಬ ಹಳ್ಳಿಯಲ್ಲಿ ಮೂರನೇ ಕೃಷ್ಣನ ಹೊಗಳಿಕೆಯ ಶಾಸನವೊಂದು ಸಿಕ್ಕಿದೆ. ಅದರ ಭಾಷೆ ಕನ್ನಡ. ಸುತ್ತಲೂ ಓದಬಲ್ಲವರೇ ಇಲ್ಲದ ಜಾಗದಲ್ಲಿ ಕನ್ನಡ ಕಲ್ಲು ಯಾಕೆ ನಿಲ್ಲಿಸಿದರು? ದಂಡಿನ ಜೊತೆ ಬಂದ ಕನ್ನಡದ ಜನ ಓದಲಿ ಅಂತಲೋ, ಗೆದ್ದವನ ಭಾಷೆ ಕಾಣಲಿ ಅಂತಲೋ, ಅದು ನಮ್ಮ ಎಡಪುಟದಲ್ಲೇ ಇದೆ.

ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಶಿಕ್ಷಕಿಯವರು ಶ್ರವಣಬೆಳಗೊಳ ತೆಗೆದರು. ಗೊಮ್ಮಟನ ಪಾದದ ಪಕ್ಕದಲ್ಲಿ ಚಾವುಂಡರಾಯ ಇದನ್ನು ಮಾಡಿಸಿದನೆಂದು ಮರಾಠಿಯಲ್ಲೂ ಬರೆದಿದೆ. ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಅದೂ ಒಂದೆಂದು ಅವರು ಶಾಲೆಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದಾರೆ. ‘ನಿಮ್ಮ ಕಲ್ಲು ನಮ್ಮ ಉತ್ತರಕ್ಕಿದೆ, ನಮ್ಮ ಅಕ್ಷರ ನಿಮ್ಮ ಹಾಸನ ಜಿಲ್ಲೆಯಲ್ಲಿದೆ. ಈಗ ಹೇಳಿ, ಗಡಿ ಎಲ್ಲಿ ಹಾಕ್ತೀರಿ?’

ಗಡಿ ಎಂಬ ಮಾತು ಬಂದ ಕೂಡಲೇ ಮನೆಯ ಗಾಳಿ ಬದಲಾಯಿತು. ನಾನು ಬೆಳಗಾವಿ ಜಿಲ್ಲೆಯವನು. ಕೇಳುತ್ತಿದ್ದವರು ಮಹಾರಾಷ್ಟ್ರದವರು. 1956ರಿಂದ ಆ ಊರಿನ ಹೆಸರಿಗೆ ಎಷ್ಟು ಬಿಸಿ ಇದೆ ಅಂತ ಇಬ್ಬರಿಗೂ ಗೊತ್ತು. ಒಬ್ಬರ ದನಿ ಏರಿತು, ಇನ್ನೊಬ್ಬರು ಚಹಾ ಅಷ್ಟಕ್ಕೇ ಬಿಟ್ಟು ಚಪ್ಪಲಿ ಹುಡುಕತೊಡಗಿದರು. ಎಷ್ಟೋ ವರ್ಷದ ಸ್ನೇಹ ಸಾವಿರ ವರ್ಷದ ಹಿಂದಿನ ರಾಜರ ಸಲುವಾಗಿ ಮುರಿಯುವ ಹಾಗಿತ್ತು.

ಉಳಿಸಿದ್ದು ರಿಜಿಸ್ಟರ್. ಸರ್ವೇಯವರು ಪೆನ್ನು ತೆಗೆದು, ‘ಈ ಪ್ರಶ್ನೆಗೆ ಆಧಾರದ ಕಾಲಂನಲ್ಲಿ ಏನು ಬರೆಯೋಣ? ಯಾವ ಶಾಸನ ಸಿಕ್ಕರೆ ಇದು ಬಗೆಹರಿಯುತ್ತೆ, ಅದನ್ನಾದರೂ ಹೇಳಿ’ ಅಂದರು. ಯಾರಿಗೂ ಹೇಳಲಾಗಲಿಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಕರ್ನಾಟಕ, ಮಹಾರಾಷ್ಟ್ರ ಎಂಬ ಎರಡು ರಾಜ್ಯ ಸರಕಾರಗಳೇ ಇರದಿದ್ದಾಗ ‘ನಿಮ್ಮವರೋ ನಮ್ಮವರೋ’ ಎಂಬುದಕ್ಕೆ ಯಾವ ತಾಮ್ರಪಟ ಉತ್ತರ ಕೊಡುತ್ತೆ? ಆ ಸಾಲನ್ನು ಹೊಡೆದು ಅದರ ಕೆಳಗೆ ಹೊಸದು ಬರೆದೆವು. ‘ರಾಷ್ಟ್ರಕೂಟರು ಯಾವ ಭಾಷೆಯನ್ನು, ಎಲ್ಲಿ, ಯಾವ ಕೆಲಸಕ್ಕೆ ಬಳಸಿದರು?’ ಇದಕ್ಕೆ ಉತ್ತರ ಹುಡುಕಬಹುದು.

ಹುಡುಕಿದಾಗ ಸಿಕ್ಕದ್ದು ಹೀಗಿದೆ. ವಿದರ್ಭದಲ್ಲಿ ಭೂಮಿ ಕೊಟ್ಟ ಪತ್ರಗಳು ಸಂಸ್ಕೃತದಲ್ಲಿವೆ. ದೇವಳಿಯದೂ ಅಷ್ಟೇ, ಚಂದ್ರಪುರ ಜಿಲ್ಲೆಯ ಭಾಂದಕದಲ್ಲಿ ಸಿಕ್ಕ ಒಂದನೇ ಕೃಷ್ಣನ 772ರ ತಾಮ್ರಪಟವೂ ಅಷ್ಟೇ. ಕನ್ನಡವನ್ನು ಅವರು ಕಾವ್ಯಕ್ಕೂ ಶಾಸ್ತ್ರಕ್ಕೂ ಬೆಳೆಸಿದರು. ಅಮೋಘವರ್ಷನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು ದೇವಳಿಯ ದಾನ ಕೊಟ್ಟ ಅದೇ ಮೂರನೇ ಕೃಷ್ಣ. ಪಂಪ ಆದಿಪುರಾಣ ಮುಗಿಸಿದ್ದು 941ರಲ್ಲಿ, ಈ ದಾನದ ಮರುವರ್ಷ. ಅವನ ಆಶ್ರಯದಾತ ಅರಿಕೇಸರಿ ರಾಷ್ಟ್ರಕೂಟರ ಸಾಮಂತ, ವೇಮುಲವಾಡದವನು. ಅದು ಈಗ ತೆಲಂಗಾಣದಲ್ಲಿದೆ. ನಮ್ಮ ತೆಲುಗು ಸ್ನೇಹಿತರು ಆ ದಿನ ಮೊದಲ ಸಲ, ‘ಹಾಗಾದರೆ ನಮ್ಮದೂ ಒಂದು ಪಾಲಿದೆ’ ಅಂದರು.

ಇನ್ನೊಂದು ಮಾತನ್ನೂ ನಾನೇ ರಿಜಿಸ್ಟರಿನಲ್ಲಿ ಬರೆದೆ. ಕವಿರಾಜಮಾರ್ಗ ಕನ್ನಡ ನಾಡಿನ ಗಡಿ ಹೇಳುವುದು ಕಾವೇರಿಯಿಂದ ಗೋದಾವರಿಯವರೆಗೆ. ನಾಗಪುರ ಗೋದಾವರಿಗಿಂತ ಬಹಳ ಉತ್ತರಕ್ಕಿದೆ. ಅಂದರೆ ರಾಷ್ಟ್ರಕೂಟರ ರಾಜ್ಯ ಇಲ್ಲಿಯವರೆಗೆ ಇತ್ತು, ಆದರೆ ಅವರ ಕವಿಗಳ ಲೆಕ್ಕದಲ್ಲೂ ಇದು ಕನ್ನಡ ನಾಡಾಗಿರಲಿಲ್ಲ. ದೇವಳಿಯ ದಾನ ಪಡೆದವನು ಕನ್ನಡದವನೇ ಆಗಿದ್ದರೆ, ಅವನೂ ನಮ್ಮ ಹಾಗೆ ಹೊರನಾಡ ಕನ್ನಡಿಗನೇ.

ಇದಾದ ಮೇಲೆ ಎಲ್ಲರೂ ಸೇರಿ ಅಜಬ್ ಬಂಗಲೆಗೆ ಹೋದೆವು. ನಾಗಪುರದ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಜನ ಕರೆಯುವ ಹೆಸರು ಅದು. 1863ರಲ್ಲಿ ಶುರುವಾದದ್ದು. ಆ ಸಂಗ್ರಹಕ್ಕೆ ಸೇರಿದ ಒಂದು ಕಂಬದ ಶಾಸನಕ್ಕೆ ‘ಸೀತಾಬರ್ಡಿ ಶಾಸನ’ ಎಂದೇ ಹೆಸರು. ಕೀಲ್‌ಹಾರ್ನ್ ಎಂಬ ಜರ್ಮನ್ ವಿದ್ವಾಂಸರು ಪ್ರಕಟಿಸಿದ್ದಾರೆ. ಶಕ 1008ರದು, ಕ್ರಿ.ಶ. 1087. ಆಗ ರಾಷ್ಟ್ರಕೂಟರು ಹೋಗಿ ಕಲ್ಯಾಣದ ಚಾಲುಕ್ಯರು ಬಂದಿದ್ದರು. ಆಳುತ್ತಿದ್ದವನು ಆರನೇ ವಿಕ್ರಮಾದಿತ್ಯ. ಶಾಸನದ ವಿಷಯ ಯುದ್ಧವಲ್ಲ, ದನ ಮೇಯುವುದಕ್ಕೆ ಭೂಮಿ ಬಿಟ್ಟದ್ದು. ವಿಕ್ರಮಾದಿತ್ಯನ ಕೈಕೆಳಗಿನ ಸಾಮಂತ ಧಾಡಿಭಂಡಕ, ಅವನ ಕೈಕೆಳಗಿನ ದಂಡನಾಯಕ ವಾಸುದೇವ, ಅವನ ದಾನ ಗೋಮಾಳಕ್ಕೆ.

ಧಾಡಿಭಂಡಕನ ಪರಿಚಯದ ಮಾತು ನೋಡಿ. ಅವನು ಮಹಾರಾಷ್ಟ್ರಕೂಟ ವಂಶದವನು, ಲತಲೌರದಿಂದ ಹೊರಟು ಬಂದವನು. ಲತಲೌರ ಅಂದರೆ ಲತ್ತಲೂರು, ಇಂದಿನ ಲಾತೂರ್ ಎಂದು ಬಹುತೇಕ ವಿದ್ವಾಂಸರು ಹೇಳುತ್ತಾರೆ. ಅಮೋಘವರ್ಷನೂ 866ರ ಸಿರೂರು, ನೀಲಗುಂದ ಶಾಸನಗಳಲ್ಲಿ ಲತ್ತಲೂರು ಪುರವರಾಧೀಶ್ವರ. ಅಷ್ಟು ದೊಡ್ಡ ರಾಜಧಾನಿ ಮಳಖೇಡ ಕೈಯಲ್ಲಿದ್ದರೂ ಬಿರುದಿನಲ್ಲಿ ಹೇಳಿಕೊಂಡದ್ದು ಹಳೆಯ ಊರನ್ನು. ಇನ್ನು ನನ್ನ ಊರ ಕಡೆ ಬನ್ನಿ. ಸವದತ್ತಿ, ಹಳೆಯ ಸುಗಂಧವರ್ತಿ, ರಟ್ಟರ ರಾಜಧಾನಿ. ಚಿಕ್ಕಂದಿನಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ‘ಇದು ರಟ್ಟರ ಊರು’ ಅಂತ ಹಿರಿಯರು ಹೇಳುತ್ತಿದ್ದರು. ಆ ರಟ್ಟರ ಬಿರುದೂ ಅದೇ, ಲತ್ತಲೂರು ಪುರವರಾಧೀಶ್ವರ!

ಅಂದರೆ ಒಂದೇ ಊರಿನ ಹೆಸರು ಹೇಳಿಕೊಂಡು ಒಬ್ಬರು ಸವದತ್ತಿಗೆ ಬಂದರು, ಒಬ್ಬರು ವಿದರ್ಭಕ್ಕೆ ಬಂದರು. ಊರು ಬಿಟ್ಟು ತಲೆತಲಾಂತರ ಕಳೆದರೂ ಮೂಲದ ಊರು ಬಿರುದಿನಲ್ಲಿ ಉಳಿಯಿತು. ನನ್ನ ಮಗಳು ನಾಗಪುರದಲ್ಲೇ ಬೆಳೆದವಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದು ದೇವನಾಗರಿ ಮಾತ್ರ. ‘ಅಪ್ಪಾ, ಯಾರಾದರೂ ಕೇಳಿದರೆ ನಾನು ಎಲ್ಲಿಯವಳು ಅಂತ ಹೇಳಲಿ?’ ಎಂದು ಒಮ್ಮೆ ಕೇಳಿದ್ದಳು. ಆಗ ನಾನು ‘ಸವದತ್ತಿ ಅನ್ನು’ ಅಂದಿದ್ದೆ. ಅವಳು ಅಲ್ಲಿ ರಜೆಯಲ್ಲಿ ನಾಲ್ಕು ದಿನ ಬಿಟ್ಟರೆ ಇದ್ದವಳೇ ಅಲ್ಲ. ಅಜಬ್ ಬಂಗಲೆಯಿಂದ ಬಂದ ದಿನ ಅವಳಿಗೆ ಧಾಡಿಭಂಡಕನ ಕತೆ ಹೇಳಿದೆ. ‘ಸವದತ್ತಿಯಿಂದ ಬಂದ ನಾಗಪುರದವಳು ಅನ್ನು, ಎರಡೂ ಹೇಳು, ಅವನು ಹಾಗೇ ಹೇಳಿಕೊಂಡಿದ್ದಾನೆ’ ಅಂದೆ. ಹೋದ ದೀಪಾವಳಿಯಿಂದ ಅವಳು ಕನ್ನಡ ಅಕ್ಷರ ತಿದ್ದುತ್ತಿದ್ದಾಳೆ. ಸಹಿ ಮಾಡುವಷ್ಟು ಬಂದಿದೆ.

ಇತಿಹಾಸ ದೊಡ್ಡ ವಿದ್ವಾಂಸರ ಕೆಲಸ, ನಮ್ಮಂಥವರಿಗೇಕೆ ಎಂದು ಕೆಲವರು ಹಿಂಜರಿಯುತ್ತಾರೆ. ನಿಜ ನೋಡಿದರೆ ನಮ್ಮ ಇತಿಹಾಸದ ಬಹುಪಾಲು ಬೆಳೆದದ್ದೇ ನೌಕರಿ ಮಾಡುತ್ತಾ ಪ್ರಶ್ನೆ ಕೇಳಿದವರಿಂದ. 1872ರಲ್ಲಿ ಮುಂಬಯಿಯಲ್ಲಿ ಬರ್ಜೆಸ್ ಶುರುಮಾಡಿದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ದೂರದ ಊರುಗಳ ಅಧಿಕಾರಿಗಳು, ಪಾದ್ರಿಗಳು, ಪಂಡಿತರು ತಮಗೆ ಕಂಡದ್ದನ್ನೂ ತಿಳಿಯದ್ದನ್ನೂ ಬರೆದು ಕಳಿಸುತ್ತಿದ್ದರು. ನಮ್ಮ ಶಾಸನಗಳನ್ನು ಅಲ್ಲಿ ರಾಶಿರಾಶಿಯಾಗಿ ಪ್ರಕಟಿಸಿದ ಫ್ಲೀಟ್ ಮುಂಬಯಿ ಸರಕಾರದ ಅಧಿಕಾರಿ. ಮಧ್ಯಪ್ರಾಂತದ ಶಾಸನಗಳನ್ನೆಲ್ಲ ಪಟ್ಟಿ ಮಾಡಿ 1916ರಲ್ಲಿ ನಾಗಪುರದಿಂದ ಪುಸ್ತಕ ತಂದ ರಾಯಬಹಾದ್ದೂರ್ ಹೀರಾಲಾಲರೂ ಸರಕಾರಿ ನೌಕರರೇ. ವಾಕಾಟಕರ ಶಾಸನಗಳ ಸಂಪುಟವನ್ನು 1963ರಲ್ಲಿ ಕೊಟ್ಟ ವಾಸುದೇವ ವಿಷ್ಣು ಮಿರಾಶಿಯವರು ಕೊಂಕಣದಲ್ಲಿ ಹುಟ್ಟಿ, ನಾಗಪುರಕ್ಕೆ ಬಂದು ಸಂಸ್ಕೃತ ಕಲಿಸಿದವರು. ಅವರೂ ಹೊರಗಿನಿಂದಲೇ ಬಂದವರು. ನಮ್ಮ ಧಾರವಾಡದಲ್ಲಿ 1914ರಲ್ಲಿ ಇತಿಹಾಸ ಮಂಡಳ ಕಟ್ಟಿದ ಆಲೂರ ವೆಂಕಟರಾಯರು ಓದಿದ್ದು ವಕೀಲಿ. ಮರಾಠಿ ಮತ್ತು ಕನ್ನಡದ ಹಳೆಯ ನಂಟನ್ನು ಕೆದಕಿದ ಶಂ. ಬಾ. ಜೋಶಿಯವರು ಶಾಲಾ ಮಾಸ್ತರರು. ಮರಾಠಿಗರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅವರು ಮರಾಠಿಯಲ್ಲೇ ಪುಸ್ತಕ ಬರೆದು ಕೇಳಿದರು. ಇಂದಿಗೂ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನಗಳಲ್ಲಿ ಪ್ರಾಧ್ಯಾಪಕರ ಜೊತೆ ಹವ್ಯಾಸಿಗಳೂ ಪ್ರಬಂಧ ಓದುತ್ತಾರೆ.

ಈ ಪುಸ್ತಕ ಓದುವ ನೀವೂ ಬಹುಶಃ ಎಲ್ಲೋ ಹೊರಗಿರುವವರೇ. ನಾಲ್ಕು ಜನ ಕನ್ನಡದವರೇ ಸೇರಿ ಗತವೈಭವ ಹೇಳಿಕೊಳ್ಳುವುದು ಸುಲಭ, ಅದರಲ್ಲಿ ತಪ್ಪೂ ಇಲ್ಲ. ಆದರೆ ಒಂದು ಸಲ ಆ ಊರಿನವರ ಜೊತೆ ಕೂತು ನೋಡಿ. ನಮ್ಮ ಮಾತಿಗೆ ‘ಹೌದೌದು’ ಅನ್ನದೆ ‘ಆಧಾರ ಎಲ್ಲಿ?’ ಅನ್ನುವವರ ಮುಂದೆ ಇಟ್ಟಾಗಲೇ ನಮ್ಮ ಇತಿಹಾಸದಲ್ಲಿ ಎಷ್ಟು ಗಟ್ಟಿ, ಎಷ್ಟು ಪೊಳ್ಳು ಅಂತ ಗೊತ್ತಾಗೋದು. ನಿಮ್ಮ ಊರಿನ ಗೆಜೆಟಿಯರ್ ತೆಗೆದು ನೋಡಿ, ಮ್ಯೂಸಿಯಮ್ಮಿನ ಮೂಲೆಯ ಕಲ್ಲಿನ ಮುಂದೆ ಐದು ನಿಮಿಷ ನಿಲ್ಲಿ, ಓದಲು ಬಾರದಿದ್ದರೆ ಬಲ್ಲವರನ್ನು ಕೇಳಿ. ಕೇಳಿದ್ದನ್ನು ಬರೆದಿಡಿ, ಬರೆದದ್ದನ್ನು ನಾಲ್ಕು ಜನಕ್ಕೆ ಕೊಡಿ.

ನಮ್ಮ ರಿಜಿಸ್ಟರಿನಲ್ಲಿ ಈಗ ಎಡಪುಟಗಳೇ ಹೆಚ್ಚು ತುಂಬಿವೆ. ಬರುವ ಭಾನುವಾರ ನಮ್ಮ ಮನೆಯ ಸರದಿ. ಪಟ್ಟಿಯಲ್ಲಿರುವುದು ಮುಲ್ತಾಯಿಯ ತಾಮ್ರಪಟ. 709ರ ಸುಮಾರಿಗೆ, ಮಳಖೇಡದವರಿಗಿಂತ ಮೊದಲೇ, ಈ ಕಡೆ ಆಳುತ್ತಿದ್ದ ನನ್ನರಾಜನೆಂಬ ರಾಷ್ಟ್ರಕೂಟನದು. ಅವನಿಗೂ ನಮ್ಮ ದಂತಿದುರ್ಗನ ಮನೆತನಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಬರೆದವರು ಅಂದು ಚಪ್ಪಲಿ ಹುಡುಕುತ್ತಿದ್ದ ಅದೇ ಸ್ನೇಹಿತರು.